ಡಾಕ್ಟರ್ ಬಾಯಾರು ಬಿಟ್ಟುಹೋದ ಕಂಪ್ಯೂಟರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ‘ಬಾಯಾರು’ ಎಂಬುದು ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತು, ಅಷ್ಟೇ. ಧಾರವಾಡದಲ್ಲಿ ನಡುವಯಸ್ಸು ದಾಟಿದ ಹೆಣ್ಣುಮಕ್ಕಳಿಗೆ ಎರಡನೆಯ ಪ್ಯಾರಾ ಮುಗಿಯುವಷ್ಟರಲ್ಲಿ ಗುರುತು ಹತ್ತುತ್ತದೆ. ಹತ್ತಿದವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಉಳಿದವರ ಊರು, ನಂಟು, ಕಸುಬುಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಇದರಲ್ಲಿ ಬರುವ ಇಬ್ಬರು ಹೆಣ್ಣುಮಕ್ಕಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಷ್ಟು ಎಚ್ಚರ ನನ್ನ ಸ್ವಭಾವದಲ್ಲಿ ಇರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಮ್ಯಾನರ್ಸ್ ಕಲಿಸಿದರು, ಫೋರ್ಕ್ ಹಿಡಿಯುವುದನ್ನು ಕಲಿಸಿದರು. ಮತ್ತೊಬ್ಬರ ಮಾತನ್ನು ನಮ್ಮೊಳಗೇ ಇಟ್ಟುಕೊಳ್ಳುವುದನ್ನು ಕಲಿಸಿದವರು ಪಕ್ಕದ ಕಂಪೌಂಡಿನ ಡಾಕ್ಟರ್ ಬಾಯಾರು. ಅವರು ತೀರಿಕೊಂಡ ಮೇಲೆ ಆದದ್ದನ್ನು ನೆನೆದರೆ ಸಿಟ್ಟಿಗೆ ಈಗಲೂ ನನ್ನ ಪೆನ್ನು ಕಾಗದವನ್ನು ಹರಿಯುತ್ತದೆ.

ಅವರು ಹೆರಿಗೆ ಡಾಕ್ಟರು. ಹುಬ್ಬಳ್ಳಿಯ ಕಾಳುಕಡಿ ವ್ಯಾಪಾರದ ಮನೆತನದವರು. ಮದುವೆಯಾಗಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಗಂಜಿ ಹಾಕಿದ ಗರಗದ ಖಾದಿ ಸೀರೆ ಉಟ್ಟು ಹೊರಗೆ ಬಂದರೆ ಆ ಸೀರೆಯ ಸಪ್ಪಳಕ್ಕೇ ಜಗಲಿಯಲ್ಲಿ ಕಾದು ಕುಳಿತವರ ಗುಸುಗುಸು ನಿಲ್ಲುತ್ತಿತ್ತು. ಆ ಜಗಲಿಯಲ್ಲಿ ಯಾರ ಹೆಸರನ್ನೂ ಕೂಗುವಂತಿರಲಿಲ್ಲ. ಬಂದವರಿಗೆಲ್ಲ ಒಂದೊಂದು ಕಾಳಿನ ಹೆಸರು. ನರ್ಸ್ ಬಾಗಿಲಿಗೆ ಬಂದು ಕರೆಯುತ್ತಿದ್ದಳು:

“ಅಗಸಿ, ಒಳಗ ಬರ್ರಿ. ಕುಸಬಿ, ನೀವು ಅಲ್ಲೇ ಕುಂಡ್ರಿ, ಬೀಪಿ ನೋಡೂದೈತಿ.”

ನಾನು ಕುಳಿತಿದ್ದಾಗಲೇ ಒಬ್ಬ ಬಸುರಿ ಪಕ್ಕದವಳಿಗೆ ಹೇಳಿದ್ದು ಕೇಳಿದ್ದೇನೆ: “ಹ್ವಾದ ಸಲ ಜ್ವಾಳ ಮಾಡಿದ್ರು. ಈ ಸಲ ಕಡ್ಲಿ ಮಾಡ್ಯಾರ ನೋಡ್ರಿ. ನನ್ನ ರೇಟ್ ಏರೇತಿ.”

ಸೊಸೆಯ ಹಿಂದೆಯೇ ಒಳಗೆ ನುಗ್ಗುವ ಅತ್ತೆಯರನ್ನು ಅವರು ಹೊರಗೆ ಕಳಿಸುತ್ತಿದ್ದ ರೀತಿಯೇ ಒಂದು ನೋಟ.

“ನಾನು ಆಕಿ ಅತ್ತಿ ಅದೀನ್ರಿ.”

“ಗೊತ್ತಾತ್ರಿ. ಹೊಟ್ಟಿ ಆಕಿದು. ನೀವು ಹೊರಗ ಕುಂಡ್ರಿ, ಅಲ್ಲಿ ಫ್ಯಾನ್ ಐತಿ.”

ಬಾಗಿಲು ಹಾಕಿ, ಒಳಗಿನ ಬೇಸಿನ್ನಿನ ನಳ ತಿರುವಿ ನೀರು ಬಿಟ್ಟು, ಆಮೇಲೆ “ಹೂಂ, ಹೇಳವಾ” ಎನ್ನುವರು. ಧಾರವಾಡದಲ್ಲಿ ನೀರಿಗೆ ತ್ರಾಸವಿರುವ ದಿನಗಳಲ್ಲೂ ಆ ನಳ ಹರಿಯುತ್ತಿತ್ತು. ಹೊರಗೆ ಕಿವಿಗೊಟ್ಟು ಕುಳಿತವರಿಗೆ ನೀರಿನ ಸಪ್ಪಳ ಮಾತ್ರ.

ಪೇಟೆಯಲ್ಲಿ ಎದುರಾದರೆ ಅವರಿಗೆ ಯಾರ ಗುರುತೂ ಇರುತ್ತಿರಲಿಲ್ಲ. ತಾವೇ ಹೆರಿಗೆ ಮಾಡಿಸಿದ ಹುಡುಗಿ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಬದನೆಕಾಯಿ ಆರಿಸುತ್ತಿದ್ದರೂ ಗೋಡೆಯನ್ನು ನೋಡಿದಂತೆ ನೋಡುವರು. ನನಗೆ ನಾಚಿಕೆಯಾಗುತ್ತಿತ್ತು. “ಯೂ ಆರ್ ಸೋ ರೂಡ್, ಡಾಕ್ಟರ್. ಒಂದು ಸ್ಮೈಲ್ ಕೊಡಬಾರದಾ?” ಎಂದೆ ಒಮ್ಮೆ. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ ಅವರು ನನ್ನನ್ನು ‘ಮಿಸ್’ ಎಂದೇ ಕರೆಯುತ್ತಿದ್ದರು.

“ಮಿಸ್, ನಾ ನಕ್ಕೆ ಅಂತ ತಿಳಕೋರಿ. ಬಾಜೂ ನಿಂತ ನಾದಿನಿ ಕೇಳ್ತಾಳ, ಈ ಡಾಕ್ಟರ್ ನಿನಗ ಹೆಂಗ ಗುರತು? ಅದಕ್ಕ ಆಕಿ ಏನ್ ಹೇಳಬೇಕು? ಆಕೀನ ಮೊದಲ ನಗಲಿ. ಆಮ್ಯಾಲೆ ನಾ ನಗತೇನಿ.”

ಎಷ್ಟೋ ಮಂದಿ ಅವರಿಗೆ ಸೊಕ್ಕು ಎಂದೇ ತಿಳಿದುಕೊಂಡು ಸತ್ತಿರಬೇಕು.

ಅವರ ಸಿಟ್ಟು ಒಮ್ಮೆ ಬಯಲಿಗೆ ಬಂದದ್ದನ್ನು ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ ಅವರ ಅಣ್ಣನ ಮಗನ ಮನೆ. ಅವನೂ ಕಾಳಿನ ವ್ಯಾಪಾರಿ, ಒಳ್ಳೆಯ ಹುಡುಗ, ದೇವರು ದಿಂಡರು ಎಂದರೆ ಪ್ರಾಣ. ಅವನಿಗೂ ಅವನ ಹೆಂಡತಿಗೂ ಮಕ್ಕಳಾಗಲಿಲ್ಲ. ಬಳಗದಲ್ಲಿ ಎಲ್ಲಿ ತೊಟ್ಟಿಲ ಕಾರ್ಯವಾದರೂ ಆ ಹುಡುಗಿಯನ್ನು ಹಿಂದೆ ನಿಲ್ಲಿಸುತ್ತಿದ್ದರು. ಅಂಥ ಒಂದು ಕಾರ್ಯದಲ್ಲಿ ಆಕೆ ಆರತಿ ತಟ್ಟೆಗೆ ಕೈ ಚಾಚಿದಳು. ಯಾರೋ ಹಿರಿಯಾಕೆ, “ನೀ ಸರಿಯವಾ, ಮಕ್ಕಳಿದ್ದಾಕಿ ಹಿಡೀಲಿ” ಎಂದಳು. ಡಾಕ್ಟರ್ ಕುರ್ಚಿಯಿಂದ ಎದ್ದು ಬಂದು, ಆ ತಟ್ಟೆಯನ್ನು ಕಸಿದು ಹುಡುಗಿಯ ಕೈಗೆ ಕೊಟ್ಟರು. “ತಟ್ಟಿ ಹಿಡಿಯಾಕ ಯಾವ ಡಿಗ್ರಿ ಬೇಕು? ನನಗೂ ಮಕ್ಕಳಿಲ್ಲ. ಈ ಕೂಸನ್ನ ನಾನ ಹೊರಗ ತಗದೇನಿ. ಅವತ್ತ ನನಗ ಯಾಕ ಹಿಂದ ಸರಿ ಅನ್ನಲಿಲ್ಲ?” ಅಂದು ಆ ಮನೆಯಲ್ಲಿ ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡವರು ಡಾಕ್ಟರ್ ಒಬ್ಬರೇ. ಕಾರಿನಲ್ಲಿ ಬರುವಾಗ ಆ ದಂಪತಿಗಳ ವಿಷಯವನ್ನು ಏನಾದರೂ ಹೇಳುವರೇನೋ ಎಂದು ಕಾದೆ. “ಹೋಳಿಗಿ ಛಲೋ ಆಗಿತ್ತು” ಎಂದರು, ಅಷ್ಟೇ.

ಮೊದಲೆಲ್ಲ ಅವರಲ್ಲಿ ಕೇಸ್ ಪೇಪರುಗಳಿದ್ದವು. ಇಡಬೇಕಾದ ಅವಧಿ ಮುಗಿದವನ್ನು ರದ್ದಿಗೆ ಹಾಕುತ್ತಿರಲಿಲ್ಲ. ತಾವೇ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸುತ್ತಿದ್ದರು. ಶೇಂಗಾ ಕಟ್ಟಿಕೊಟ್ಟ ಪೊಟ್ಟಣದ ಮೇಲೆ ಯಾರದೋ ರಕ್ತದ ರಿಪೋರ್ಟು ಕಂಡದ್ದರಿಂದ ಈ ನೇಮವಂತೆ. ಆಮೇಲೆ ಕಂಪ್ಯೂಟರ್ ಬಂತು. ಅಂಗಡಿಯವನು ಎಲ್ಲ ಜೋಡಿಸಿ, ಹೇಗೆ ತುಂಬುವುದು, ಹೇಗೆ ಹುಡುಕುವುದು ಎಂದು ತೋರಿಸಿದ. ಅವರು ಕೇಳಿದ ಮೊದಲ ಪ್ರಶ್ನೆ, “ಇದನ್ನ ಸುಡೂದು ಹೆಂಗ?”

ಅವನು ನಕ್ಕ. “ಸುಡೂದ್ಯಾಕ್ರಿ ಮೇಡಂ, ಡಿಲೀಟ್ ಒತ್ತರಿ.”

ಅವರು ಒಪ್ಪಲಿಲ್ಲ. ಓದಿದರು, ತಿಳಿದವರನ್ನು ಕೇಳಿದರು, ಒಂದು ಸಂಜೆ ನಮ್ಮ ಮನೆಗೆ ಬಂದು ನನಗೆ ಪಾಠ ಮಾಡಿದರು. “ಮಿಸ್, ಡಿಲೀಟ್ ಅಂದ್ರ ಪುಸ್ತಕದ ಪರಿವಿಡಿ ಹಾಳಿ ಹರದಂಗ. ಒಳಗಿನ ಪಾಠ ಹಂಗ ಇರತಾವು. ಮ್ಯಾಲೆ ಬ್ಯಾರೆ ಬರೆಯೂ ತನಕಾ ಯಾರರೆ ಬಂದು ತಗದು ಓದಬಹುದು. ಕಸದ ಡಬ್ಬಿ ಖಾಲಿ ಮಾಡಿದೆ ಅಂತಾರಲ್ಲ, ಅದೂ ಅಷ್ಟ. ಹೇಳಿದ್ದನ್ನ ಮರತ್ಹೋಗಲಾರದ ಸಾಮಾನಿದು.” ಅಂದಿನಿಂದ ಆ ಕಂಪ್ಯೂಟರಿಗೆ ಅವರು ಇಂಟರ್‌ನೆಟ್ ತಂತಿ ಹಾಕಿಸಲಿಲ್ಲ. ಪಾಸ್‌ವರ್ಡ್ ಬರೆದಿಡಲಿಲ್ಲ.

ಮಹಾನವಮಿಗೆ ಮಾತ್ರ ಅಣ್ಣನ ಮಗ ಬಂದು ಅದಕ್ಕೆ ಖಂಡೇ ಪೂಜೆ ಮಾಡಿಯೇ ಹೋಗುತ್ತಿದ್ದ. ಅವರ ಮನೆಯಲ್ಲಿ ತಕ್ಕಡಿ, ಲಾರಿ, ಕತ್ತರಿ, ಹೊಟ್ಟೆಪಾಡಿನ ಎಲ್ಲಕ್ಕೂ ಅಂದು ಪೂಜೆ. ಅವನು ಮಾನಿಟರಿಗೆ ಚೆಂಡುಹೂವಿನ ಮಾಲೆ ಹಾಕುವಾಗ ಇವರು ಬಾಗಿಲಲ್ಲಿ ನಿಂತು, “ಹೂವಿನ ನೀರು ಒಳಗ ಇಳದ್ರ ಇದ ಕಡೀ ಪೂಜಾ ನೋಡಪಾ” ಎನ್ನುವರು. ಆದರೂ ಬೇಡ ಎನ್ನಲಿಲ್ಲ. ಅವನ ಮೇಲೆ ಅವರಿಗೆ ಮಮತೆ ಇತ್ತು.

ಡಾಕ್ಟರ್ ಹಾಸಿಗೆ ಹಿಡಿದಾಗ ಅವನನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿದರು. ಮನೆ, ಹೊಲ ಯಾವುದರ ಮಾತೂ ಇಲ್ಲ. “ಆ ಕಂಪ್ಯೂಟರಿನ ಡಿಸ್ಕ್ ತಗಸು. ಅದಕ್ಕ ಆರಪಾರ, ಆ ಕಡೆ ಹೊರಗ ಬರೂ ಹಂಗ, ಮೊಳಿ ಹೊಡಿ. ಉಳದದ್ದನ್ನ ಯಾರಿಗೆ ಬೇಕಾದ್ರೂ ಕೊಡು.” ಅವನು ತಲೆಯಾಡಿಸಿದ. ನಾನು ಸಾಕ್ಷಿ.

ಅವರು ಹೋದರು. ಮನೆ ತೆರವು ಮಾಡುವ ಕೆಲಸ ಅವನದಾಯಿತು. ಮಂಚ ಹೋಯಿತು, ತಪಾಸಣೆಯ ಟೇಬಲ್ ಹೋಯಿತು, ಕಂಪ್ಯೂಟರ್ ಹುಬ್ಬಳ್ಳಿಗೆ ಹೋಯಿತು. ಮಾತು ಕೊಟ್ಟಿದ್ದಾನೆ, ಮಾಡಿರುತ್ತಾನೆ ಎಂದು ನಾನು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ನಮ್ಮ ಗೇಟಿನಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಉಪ್ಪಿನಬೆಟಗೇರಿಯ ಬಸ್ಸಿನಲ್ಲಿ ಬಂದವಳು, ಅದರ ಆಚೆಯ ಒಂದು ಸಣ್ಣ ಊರಿನವಳು. ಪಕ್ಕದ ಮನೆಗೆ ಬೀಗ ಕಂಡು ಇಲ್ಲಿಗೆ ಬಂದಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ.

“ಬಾಯಾರ ಕಂಪ್ಯೂಟರ್ ನಮ್ಮೂರ ಸಾಲಿಗೆ ಕೊಡತಾರಂತರಿ. ಸೋಮವಾರ ಫಂಕ್ಷನ್ ಐತಿ. ಖರೇನ್ರಿ?”

“ಯಾರ್ ಹೇಳಿದ್ರವಾ?”

“ಬೋರ್ಡ್ ಹಚ್ಚ್ಯಾರ್ರಿ.” ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದಳು. “ನನ್ನ ಮಗಳನ್ನ ಲಗ್ನಕ್ಕಿಂತ ಮೊದಲ ಬಾಯಾರ ಕಡೆ ಕರಕೊಂಡು ಬಂದಿದ್ನಿರಿ. ಈಗ ಆಕಿನ್ನ ನಮ್ಮೂರಾಗ ಕೊಟ್ಟೇನಿ. ಅಳಿಯನ ತಮ್ಮ ಅದ ಸಾಲ್ಯಾಗ ಮಾಸ್ತರ. ಕಂಪ್ಯೂಟರ್ ಕೋಣಿ ಕೀಲಿ ಅವನ ಕಡೇನ ಇರತೈತಿ. ನನ್ನ ಮಗಳದು ಅದರಾಗ ಇರತೈತೇನ್ರಿ?”

ಏನಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ಇದ್ದವರೊಬ್ಬರು ಕೇಳಿ, ಮುಚ್ಚಿಟ್ಟು ಹೋಗಿದ್ದರು. ನೋಡುತ್ತೇನೆ, ನಿನಗೆ ತಿಳಿಸುತ್ತೇನೆ ಎಂದೆ. “ಫೋನ್ ಮಾಡಬ್ಯಾಡ್ರಿ,” ಎಂದಳು. “ಮನ್ಯಾಗ ಇರೂದ ಒಂದು ಫೋನು. ಯಾರ್ ಬೇಕಾದವರು ಎತ್ತತಾರ.”

ಅಂದೇ ಹುಬ್ಬಳ್ಳಿಗೆ ಹೋದೆ. ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಅದು ಕುಳಿತಿತ್ತು. ಒರೆಸಿ, ಡಬ್ಬಿಯ ಮೇಲೆ ವಿಭೂತಿ ಪಟ್ಟೆ ಎಳೆದು, ಕೆಂಪು ರಿಬ್ಬನ್ ಕಟ್ಟಿದ್ದರು. ‘ಪೂಜ್ಯ ಅತ್ತೆಯವರ ಸ್ಮರಣಾರ್ಥ’ ಎಂದು ಹಿತ್ತಾಳೆ ಫಲಕ ಬೇರೆ.

“ಡಿಸ್ಕ್ ತಗಸಿದಿಯೇನಪಾ?”

“ಎಲ್ಲಾ ಡಿಲೀಟ್ ಮಾಡಿಸೇನ್ರಿ ಆಂಟಿ. ಕಸದ ಡಬ್ಬೀನೂ ಖಾಲಿ ಮಾಡಿಸೇನಿ. ಪಾಸ್‌ವರ್ಡೂ ತಗಸಿ ಒಗದೇನಿ, ಸಾಲಿ ಹುಡುಗರಿಗೆ ತ್ರಾಸ ಆಗಬಾರದಂತ.”

ಹೀಗೆ ಹೇಳಿ ಅವನು ಹೆಮ್ಮೆಯಿಂದ ನನ್ನ ಮುಖ ನೋಡಿದ. ಪರಿವಿಡಿಯ ಹಾಳೆಯ ಕಥೆಯನ್ನು ಡಾಕ್ಟರ್ ಮಾತಿನಲ್ಲೇ ಹೇಳಿದೆ. ಮಗಳ ಚಿಂತೆ ಹೊತ್ತು ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದಳು ಎಂದೆ, ಹೆಸರು ಹೇಳಲಿಲ್ಲ. ನಿಮ್ಮ ಅತ್ತೆ ಏನು ಹೇಳಿದ್ದರು ಎಂದು ಕೇಳಿದೆ.

“ಮೊಳಿ ಹೊಡಿ ಅಂದಿದ್ರರಿ. ಖರೇ. ಆದ್ರ ವರ್ಷಾ ಖಂಡೇ ಪೂಜಾ ಮಾಡಿದ ಸಾಮಾನದು. ಅದರ ಎದಿಗೆ ಮೊಳಿ ಹೊಡಿ ಅಂದ್ರ ನನ್ನ ಕೈಲೆ ಹೆಂಗ ಆಗತೈತ್ರಿ? ತೀರಿದವರ ಸಾಮಾನ ಮುರೀಬಾರದು. ದಾನಾ ಮಾಡಬೇಕು. ಅತ್ತಿಗೆ ಪುಣ್ಯಾ ಬರತೈತಿ.”

“ನಿಮ್ಮತ್ತಿ ಪುಣ್ಯಾ ಕೇಳಿರಲಿಲ್ಲ. ಮೊಳಿ ಕೇಳಿದ್ರು.”

“ಜಡ್ಡಿನ್ಯಾಗ ಮಂದಿ ಏನೇನರೆ ಅಂತಿರ್ತಾರ್ರಿ ಆಂಟಿ.”

“ಡಿಸ್ಕ್ ಅಷ್ಟ ಬದಲಿ ಮಾಡು. ಉಳದದ್ದೆಲ್ಲಾ ಹಂಗ ಕೊಡು.”

“ಕೊಡತೇನಿ ಅಂತ ದೇವರ ಮುಂದ ಅಂದ ಮ್ಯಾಲೆ ಒಳಗಿಂದು ಕಿತ್ತುಕೊಂಡು ಕೊಡೂದು ಧರ್ಮ ಅಲ್ಲರಿ. ಮತ್ತ ಅದರಾಗ ಏನ್ ಇರತೈತ್ರಿ? ಹೆಣ್ಣುಮಕ್ಕಳ ಹೊಟ್ಟಿಬ್ಯಾನಿ. ಯಾರ್ ಕುಂತು ಓದತಾರ?”

ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಬರುತ್ತದೆ. ಹೌ ಡೇರ್ ಯು, ಎಂದು ಶುರು ಮಾಡಿದವಳು ಕಾನ್ಫಿಡೆನ್ಸ್, ಟ್ರಸ್ಟ್, ಬಿಟ್ರೇಯಲ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಅವನ ಮೇಲೆ ಸುರಿದೆ. ಅವನು ಕೈ ಕಟ್ಟಿ ನಿಂತು ಕೇಳಿ, “ಕನ್ನಡದಾಗ ಬೈರಿ ಆಂಟಿ. ಅತ್ತೀನೂ ಕನ್ನಡದಾಗ ಬೈತಿದ್ರು” ಎಂದ. ಅವನ ಹೆಂಡತಿ ಚಹದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಚಹದ ಮೇಲೆ ಕೆನೆ ಕಟ್ಟಿತ್ತು.

ದುಷ್ಟನೊಬ್ಬ ಹೀಗೆ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇವನು ಒಳ್ಳೆಯವನು. ಸತ್ತ ಅತ್ತೆಯ ಹೆಸರನ್ನು ಹಿತ್ತಾಳೆಯಲ್ಲಿ ಕೆತ್ತಿಸಿದವನು, ಆಕೆ ಬಾಯಿಬಿಟ್ಟು ಕೇಳಿದ ಒಂದೇ ಮಾತನ್ನು ನಡೆಸಲಿಲ್ಲ. ಇವನೊಬ್ಬನೇ ಏನು, ನಾವೆಲ್ಲ ಹೀಗೇ. ಹಳೆಯ ಸೀರೆ ಕೊಟ್ಟು ಪಾತ್ರೆ ಕೊಳ್ಳುವಾಗ ಸೆರಗಿನ ಗಂಟು ಬಿಚ್ಚಿ ನೋಡುತ್ತೇವೆ. ಕಪಾಟು ಮಾರುವಾಗ ಒಳಗಿನ ಖಾನೆಯಲ್ಲಿ ಕೈಯಾಡಿಸುತ್ತೇವೆ. ಹಳೆಯ ಕಂಪ್ಯೂಟರನ್ನು, ಮೊಬೈಲನ್ನು ಮಾತ್ರ ಮೇಲಿನ ಧೂಳು ಒರೆಸಿ ಕೊಟ್ಟುಬಿಡುತ್ತೇವೆ. ನಮ್ಮದಾದರೆ ನಮ್ಮ ಹಣೆಬರಹ ಎನ್ನಬಹುದು. ಬಾಗಿಲು ಹಾಕಿಕೊಂಡು, ನಂಬಿ ಹೇಳಿದವರದನ್ನು ದಾನ ಮಾಡಲು ನಾವು ಯಾರು?

ಭಾನುವಾರ ಆ ಹುಡುಗಿ, ಅವನ ಹೆಂಡತಿ, ಒಬ್ಬಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಾಯಿಪಲ್ಯದ ಚೀಲ.

“ಅವರು ಗಬ್ಬೂರ ಗೋಡೌನಿಗೆ ಹೋಗ್ಯಾರ್ರಿ. ಸಂಜಿ ತನಕಾ ಬರೂದಿಲ್ಲ.”

ಚೀಲದಿಂದ ಮೆಂತ್ಯದ ಸಿವುಡು ತೆಗೆದಿಟ್ಟಳು. ಅದರ ಕೆಳಗಿಂದ ಟವೆಲಿನಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡು ತೆಗೆದಳು. ಸಣ್ಣ ಪುಸ್ತಕದಷ್ಟು ಇತ್ತು.

“ಅಂಗಡ್ಯಾವನ್ನ ಫೋನ್ ಮಾಡಿ ಕರಿಸಿದ್ನಿರಿ. ಸಾಲಿಗೆ ಕೊಡೂದೈತಿ, ಹೊಸಾ ಡಿಸ್ಕ್ ಹಾಕು, ಹಳೇದು ನನ್ನ ಕೈಯಾಗ ಕೊಡು ಅಂದ್ನಿ. ಇಷ್ಟ ಕೆಲಸರಿ.”

“ನಿನ್ನ ಗಂಡ ನೋಡಿದ್ರ?”

“ಮ್ಯಾಲಿನ ಡಬ್ಬಿ ಅದ ಐತಲ್ರಿ. ವಿಭೂತಿ ಅಳಿಸಿಲ್ಲ.”

ನಾನು ನಕ್ಕೆ. ಆಕೆ ನಗಲಿಲ್ಲ. “ಮನ್ಯಾಗ ಬಡದ್ರ ಸಪ್ಪಳ ಆಗತೈತ್ರಿ. ನಿಮ್ಮ ಹಿತ್ತಲ ಕೊಡ್ರಿ, ಒಂದ ಸುತ್ತಿಗಿ ಕೊಡ್ರಿ.”

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು, ಸೆರಗು ಸಿಕ್ಕಿಸಿ ಕುಳಿತಳು. ಮೊದಲ ಮೊಳೆ ಸೊಟ್ಟಾಯಿತು. ಅದನ್ನು ಎಸೆದು ದಪ್ಪನೆಯದನ್ನು ತೆಗೆದುಕೊಂಡಳು. ಅದು ಒಳಗಿಳಿದಾಗ ಗಾಜು ಗೀಚಿದಂಥ ಸಪ್ಪಳವಾಯಿತು. ಬೇರೆ ಬೇರೆ ಕಡೆ ಹೊಡೆದಳು, ಒಳಗಿನ ತಟ್ಟೆ ತೂತಾಗಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಚೂರುಗಳು ಗಲಗಲ ಎನ್ನುವ ತನಕ. ಆಕೆಯ ಹಣೆ ಬೆವರಿತ್ತು. ನನಗೆ ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

“ಒಡೆಯೂಕಿಂತ ಮೊದಲ ಒಮ್ಮಿ ತಗದು ನೋಡಬೇಕಂತ ಅನಸಲಿಲ್ಲೇನವಾ?”

“ಅನಸ್ತರಿ.” ಸುತ್ತಿಗೆಯನ್ನು ಕೆಳಗಿಟ್ಟಳು. “ಇಷ್ಟ ವರ್ಷ ಮಂದಿ ನನಗ ಏನೇನ್ ಅಂದ್ರಲ್ಲ, ಅದಕ್ಕೆಲ್ಲಾ ಜವಾಬು ಇದರಾಗ ಇತ್ತರಿ. ಒಂದ ಹಾಳಿ ಪ್ರಿಂಟ್ ತಗದು ಪಡಸಾಲ್ಯಾಗ ಇಟ್ಟಿದ್ರ ಸಾಕಿತ್ತು. ನಿನ್ನ ಕಡೆ ಏನೂ ದೋಷ ಇಲ್ಲವಾ ಅಂತ ಡಾಕ್ಟರ್ ಅತ್ತಿ ನನಗ ಹೇಳಿದ್ರು. ಮತ್ತ ಯಾರ ಕಡೆ ಅಂತ ನಾ ಕೇಳಿದ್ನಿ. ನಳಾ ಜೋರ ಬಿಟ್ಟು, ನಿಂದಷ್ಟ ನಿನಗ ಹೇಳತೇನಿ ಅಂದ್ರು.”

“ಸಿಟ್ಟ ಬರಲಿಲ್ಲ?”

“ಭಾಳ ಬಂತು. ಇವತ್ತೂ ಐತಿ.” ಚೂರುಗಳನ್ನು ಟವೆಲಿಗೆ ಬಳಿದುಕೊಂಡಳು. “ಆದ್ರ ನಂದು ತಗೀಬೇಕಂದ್ರ ನಮ್ಮ ಮನಿಯವರದೂ ತಗೀಬೇಕಾಗತೈತ್ರಿ. ಹುಡುಕೂ ಮುಂದ ಮತ್ಯಾರದೋ ಕಣ್ಣಿಗೆ ಬೀಳತೈತಿ. ನಿಮ್ಮ ಮನಿಗೆ ಬಂದಿದ್ರಲ್ಲ, ಅವರ ಮಗಳದೂ.”

ಇಂಥವಳ ಕೈಯಿಂದ ಆರತಿ ತಟ್ಟೆ ಕಸಿಯುತ್ತಾರೆ. ಅವಳ ಗಂಡನಿಗೆ ಮರುದಿನ ಶಾಲು ಹೊದಿಸುವವರಿದ್ದರು.

ಹೊದಿಸಿದರು ಕೂಡ. ಸೋಮವಾರ ನಾನೂ ಹೋದೆ. ಶಾಲೆಯ ಹಾಲ್ ತುಂಬಿತ್ತು, ವೇದಿಕೆಯ ಮೇಲೆ ರಿಬ್ಬನ್ ಕಟ್ಟಿದ ಕಂಪ್ಯೂಟರ್, ಅದರ ಪಕ್ಕದಲ್ಲಿ ಡಾಕ್ಟರ್ ಬಾಯಾರ ಫೋಟೋ. ಫೋಟೋದಲ್ಲೂ ಗೋಡೆ ನೋಡುವ ಹಾಗೆಯೇ ನೋಡುತ್ತಿದ್ದರು. ಹೆಣ್ಣುಮಕ್ಕಳು ಒಂದು ಕಡೆ ಜಮಖಾನೆಯ ಮೇಲೆ ಕುಳಿತಿದ್ದರು. ನಮ್ಮ ಗೇಟಿಗೆ ಬಂದಿದ್ದ ತಾಯಿಯ ಮುಖವನ್ನೇ ಹೊತ್ತ ಮಗಳೂ ಅವರ ನಡುವೆ ಇದ್ದಳು; ತಾಯಿ ಮಾತ್ರ ಕುಳಿತಿರಲಿಲ್ಲ. ಬಾಗಿಲಿಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡರೂ ಹತ್ತಿರ ಬರಲಿಲ್ಲ, ಸುತ್ತಲೂ ಬೀಗರಿದ್ದರು.

ಅಣ್ಣನ ಮಗ ಭಾಷಣ ಮಾಡಿದ. “ನಮ್ಮತ್ತಿಯವರ ಜೀವಮಾನದ ಅನುಭವ ಎಲ್ಲಾ ಈ ಮಶೀನ್ದಾಗ ತುಂಬೇತಿ. ಅದನ್ನ ನಿಮ್ಮೂರ ಮಕ್ಕಳ ಕೈಯಾಗ ಇಡಾಕತ್ತೇನಿ.” ಚಪ್ಪಾಳೆ ಬಿತ್ತು. ಬಾಗಿಲಲ್ಲಿದ್ದ ಮುಖದಲ್ಲಿ ರಕ್ತವಿರಲಿಲ್ಲ.

ಡಾಕ್ಟರ್ ಬಾಯಾರ ಗೆಳತಿಯಾಗಿ ಎರಡು ಮಾತು ಹೇಳಿ ಎಂದು ಹೆಡ್‌ಮಾಸ್ತರರು ನನ್ನನ್ನು ಕರೆದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಅಣ್ಣನ ಮಗನ ಹೆಂಡತಿ ನೆಲ ನೋಡುತ್ತಿದ್ದಳು. ಬರೆದುಕೊಂಡು ಬಂದಿದ್ದ ಭಾಷಣವನ್ನು ನಾನು ಪರ್ಸಿನಿಂದ ತೆಗೆಯಲಿಲ್ಲ. ನಲವತ್ತು ಹುಡುಗಿಯರ ಕ್ಲಾಸಿನ ಕಡೆಯ ಬೆಂಚಿಗೆ ಮುಟ್ಟಿಸುತ್ತಿದ್ದ ದನಿ ಇನ್ನೂ ಸ್ವಲ್ಪ ಉಳಿದಿದೆ. ಆ ದನಿಯಲ್ಲೇ ಹೇಳಿದೆ.

“ಈಗ ಹೇಳಿದ್ದು ತಪ್ಪು ಐತಿ, ತಿದ್ದತೇನಿ. ಈ ಕಂಪ್ಯೂಟರಿನ್ಯಾಗ ಡಾಕ್ಟರ್ ಬಾಯಾರದು ಒಂದ ಅಕ್ಷರಾನೂ ಇಲ್ಲ. ಅವರ ಹಳೇ ಡಿಸ್ಕ್ ನಾನ ತಗಸೇನಿ, ನಾನ ಮೊಳಿ ಹೊಡದು ಚೂರು ಮಾಡೇನಿ. ಅವರ ಕಡೀ ಮಾತು ಅದಾಗಿತ್ತು. ನಿಮಗ ಬಂದದ್ದು ಏನೂ ಬರೀಲಾರದ ಹೊಸಾ ಪಾಟಿ. ಅದರಾಗ ಯಾರದೂ ಏನೂ ಇಲ್ಲ.”

ಅಣ್ಣನ ಮಗ ಶಾಲನ್ನು ಹಿಡಿದುಕೊಂಡು ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ಇತ್ತು, ಹೆಂಡತಿಯ ಕಡೆ ತಿರುಗಲಿಲ್ಲ, ಅಷ್ಟು ನನಗೆ ಸಾಕಾಗಿತ್ತು. ಹೆಡ್‌ಮಾಸ್ತರರಿಗೆ ಏನು ತಿಳಿಯಿತೋ, ಚಪ್ಪಾಳೆ ಹೊಡೆದರು. ಮಕ್ಕಳೂ ಹೊಡೆದರು.

ಬಾಗಿಲಿಗೆ ಒರಗಿದ್ದ ತಾಯಿ ಸೆರಗನ್ನು ಬಾಯಿಂದ ತೆಗೆದಳು. ಜಮಖಾನೆಯ ಮೇಲಿದ್ದವರನ್ನು “ಸರೀರಿ ಒಂಚೂರು” ಎಂದು ದಾಟಿಕೊಂಡು ಬಂದು, ಮಗಳ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಕುಳಿತಳು.